ಹಾರುವ ಮುನ್ನದ ಓದು

ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದ ರನ್‌ವೇ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅಲ್ಲಿ 34 ಡಿಗ್ರಿ ಬಿಸಿಲಿದೆ ಎಂದುಕೊಳ್ಳಿ. ಪೈಲಟ್ ಆಗಲು ಓದುತ್ತಿರುವ ಹುಡುಗಿಯ ಮುಂದೆ ಇರುವ ಪ್ರಶ್ನೆ ಇಷ್ಟೇ: ಈ ಹೊತ್ತಿನಲ್ಲಿ ಪುಟ್ಟ ಸೆಸ್ನಾ ವಿಮಾನವನ್ನು ಮೇಲೇರಿಸಲು ರನ್‌ವೇ ಸಾಕಾಗುತ್ತದೆಯೇ? ಲೆಕ್ಕ ಹೀಗೆ ನಡೆಯುತ್ತದೆ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಎಂದು ಹಿಡಿದು ಸಾವಿರ ಅಡಿಗೆ 2 ಡಿಗ್ರಿಯಂತೆ ಕಳೆದರೆ, 3000 ಅಡಿಯಲ್ಲಿ ಇರಬೇಕಾದದ್ದು 9 ಡಿಗ್ರಿ. ಇರುವುದು ಅದಕ್ಕಿಂತ 25 ಡಿಗ್ರಿ ಜಾಸ್ತಿ. ಡಿಗ್ರಿಗೆ 120 ಅಡಿಯಂತೆ ಇನ್ನೂ 3000 ಅಡಿ ಸೇರಿಸಬೇಕು. ವಿಮಾನ ನೆಲದ ಮೇಲೆಯೇ ನಿಂತಿದೆ, ಆದರೆ ಅದರ ರೆಕ್ಕೆಗೂ ಎಂಜಿನ್‌ಗೂ ಸಿಗುತ್ತಿರುವುದು 6000 ಅಡಿ ಮೇಲಿನ ತೆಳುಗಾಳಿ. ಓಟ ಉದ್ದವಾಗುತ್ತದೆ, ಏರುವಿಕೆ ನಿಧಾನವಾಗುತ್ತದೆ. ಬೆಳಗಿನ ತಂಪಿನಲ್ಲಿ ಸಲೀಸಾಗಿ ಎದ್ದ ಅದೇ ವಿಮಾನ ಮಧ್ಯಾಹ್ನ ತಿಣುಕುವುದು ಇದಕ್ಕೇ.

ಡೆನ್ಸಿಟಿ ಆಲ್ಟಿಟ್ಯೂಡ್ ಎಂಬ ಈ ಲೆಕ್ಕಕ್ಕೆ ಪಿಯುಸಿಯ ಭೌತಶಾಸ್ತ್ರಕ್ಕಿಂತ ಹೆಚ್ಚಿನದೇನೂ ಬೇಡ. ಕಮರ್ಷಿಯಲ್ ಪೈಲಟ್ ಲೈಸೆನ್ಸಿನ ಥಿಯರಿ ಪರೀಕ್ಷೆಗಳಲ್ಲಿ ಇಂಥ ಲೆಕ್ಕಗಳು ಸಾಕಷ್ಟಿವೆ. ಪೈಲಟ್ ಎಂದಾಗ ನಮ್ಮ ಕಣ್ಣಿಗೆ ಕಟ್ಟುವುದು ಬಿಳಿ ಅಂಗಿ, ಭುಜದ ಪಟ್ಟಿ. ಅದಕ್ಕೂ ಮೊದಲು ತಿಂಗಳುಗಟ್ಟಲೆ ಮೇಜಿನ ಮುಂದೆ ಕೂತು ಓದಬೇಕು ಎಂಬುದನ್ನು ಯಾರೂ ಹೇಳಿರುವುದಿಲ್ಲ. ಈ ಓದನ್ನು ಅರ್ಧಂಬರ್ಧ ಮಾಡಿ ಮುಗಿಸುವವರ ಸಂಖ್ಯೆ ದೊಡ್ಡದಿರುವುದರಿಂದಲೇ ಅದರ ಪರಿಚಯ ಅಗತ್ಯ ಎನಿಸಿತು.

ನಮ್ಮ ದೇಶದಲ್ಲಿ ಈ ಲೈಸೆನ್ಸ್ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಎಲ್ಲರ ಬಾಯಲ್ಲಿ ಡಿಜಿಸಿಎ. ವಯಸ್ಸು 18 ತುಂಬಿರಬೇಕು, ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕು, 200 ಗಂಟೆ ಹಾರಾಟ ನಡೆಸಿರಬೇಕು. ಇದರ ಜೊತೆಗೆ ಬರೆದು ಪಾಸಾಗಬೇಕಾದ ಪೇಪರ್‌ಗಳಿವೆ. ಏರ್ ನ್ಯಾವಿಗೇಷನ್, ಮೆಟಿಯರಾಲಜಿ, ಏರ್ ರೆಗ್ಯುಲೇಷನ್ಸ್, ಟೆಕ್ನಿಕಲ್ ಜನರಲ್, ಜೊತೆಗೆ ತಾನು ಹಾರಿಸುವ ವಿಮಾನಕ್ಕೆ ಸಂಬಂಧಿಸಿದ ಟೆಕ್ನಿಕಲ್ ಸ್ಪೆಸಿಫಿಕ್. ವಿದ್ಯಾರ್ಥಿಗಳ ಮಾತಿನಲ್ಲಿ ಇವು ನ್ಯಾವ್, ಮೆಟ್, ರೆಗ್ಸ್. ಪ್ರಶ್ನೆಗಳೆಲ್ಲ ಬಹು ಆಯ್ಕೆಯವು, ಕಂಪ್ಯೂಟರ್ ಮುಂದೆ ಕೂತು ಉತ್ತರಿಸುವಂಥವು. ಪಾಸಾಗಲು ನೂರಕ್ಕೆ 70 ಬೇಕು. 35ಕ್ಕೆ ಪಾಸು ಎಂಬ ನಮ್ಮ ಕಾಲದ ಶಾಲೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹೆಚ್ಚಿನವರು ಹೆದರುವುದು ನ್ಯಾವಿಗೇಷನ್‌ಗೆ. ನಕ್ಷೆಯ ಮೇಲೆ ಜಕ್ಕೂರಿನಿಂದ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 75 ನಾಟಿಕಲ್ ಮೈಲಿ. ಗೆರೆ ರಾಮನಗರದ ಬಂಡೆಬೆಟ್ಟಗಳನ್ನು ಎಡಕ್ಕೆ ಬಿಟ್ಟು ಹಾಯುತ್ತದೆ. ಕಾಗದದ ಮೇಲಿನ ಲೆಕ್ಕವಾಗಿ ನೋಡೋಣ: ಪಶ್ಚಿಮದ ಗಾಳಿ ಬೀಸುತ್ತಿದೆ, 30 ಮೈಲಿ ಕಳೆಯುವ ಹೊತ್ತಿಗೆ ವಿಮಾನ 3 ಮೈಲಿ ಎಡಕ್ಕೆ ಸರಿದು ಆ ಬೆಟ್ಟಗಳ ನೆತ್ತಿಯ ಮೇಲೆಯೇ ಬಂದಿದೆ. ಎಷ್ಟು ತಿರುಗಿಸಬೇಕು? 60 ಮೈಲಿಗೆ ಒಂದು ಮೈಲಿ ಸರಿದರೆ ಒಂದು ಡಿಗ್ರಿ ತಪ್ಪಿದ್ದೇವೆ ಎಂಬುದು ಇಲ್ಲಿನ ಸೂತ್ರ. ಹಾಗಾದರೆ 30ಕ್ಕೆ 3 ಮೈಲಿ ಎಂದರೆ 6 ಡಿಗ್ರಿ ತಪ್ಪಾಗಿದೆ. ಅಷ್ಟೇ ಬಲಕ್ಕೆ ತಿರುಗಿಸಿದರೆ ವಿಮಾನ ಗೆರೆಗೆ ಸಮಾನಾಂತರವಾಗಿ ಹೋಗುತ್ತದೆ, ಮೈಸೂರು ಮುಟ್ಟುವುದಿಲ್ಲ. ಉಳಿದ 45 ಮೈಲಿಯಲ್ಲಿ ಆ 3 ಮೈಲಿಯನ್ನು ಹಿಂದಕ್ಕೆ ಪಡೆಯಲು ಇನ್ನೂ 4 ಡಿಗ್ರಿ ಬೇಕು. ಒಟ್ಟು 10 ಡಿಗ್ರಿ ಬಲಕ್ಕೆ. ಪರೀಕ್ಷೆಯಲ್ಲಿ ಇದಕ್ಕೆ ಒಂದೆರಡು ನಿಮಿಷ ಸಿಗುತ್ತದೆ. ಕಾಕ್‌ಪಿಟ್‌ನಲ್ಲಿ ಒಂದು ಕೈ ಕಂಟ್ರೋಲ್ ಮೇಲೆ, ಕಿವಿ ರೇಡಿಯೊ ಮೇಲೆ ಇರುವಾಗ ಅಷ್ಟೂ ಸಿಗುವುದಿಲ್ಲ. ಅದಕ್ಕೇ ಇದನ್ನು ಬಾಯಿಲೆಕ್ಕವಾಗಿ ಮಾಡುವಷ್ಟು ಪಳಗಬೇಕು.

ಇನ್ನೂ ಸೂಕ್ಷ್ಮದ ಲೆಕ್ಕಗಳಿಗೆ ಫ್ಲೈಟ್ ಕಂಪ್ಯೂಟರ್ ಇದೆ. ಹೆಸರಿಗೆ ಕಂಪ್ಯೂಟರ್ ಆದರೂ ಅದಕ್ಕೆ ಬ್ಯಾಟರಿ ಇಲ್ಲ, ಪರದೆ ಇಲ್ಲ. ಒಂದರ ಮೇಲೊಂದು ಕೂತ ದುಂಡು ಬಿಲ್ಲೆಗಳು, ಅವುಗಳ ಅಂಚಿನಲ್ಲಿ ಒತ್ತೊತ್ತಾಗಿ ಅಂಕಿಗಳು, ಹಿಂಬದಿಯಲ್ಲಿ ಪೆನ್ಸಿಲ್ ಗುರುತು ಹಾಕಲು ಪಾರದರ್ಶಕ ಕಿಟಕಿ. ಅಮೆರಿಕದ ನೌಕಾದಳದ ಫಿಲಿಪ್ ಡಾಲ್ಟನ್ 1930ರ ದಶಕದಲ್ಲಿ ರೂಪಿಸಿದ ಉಪಕರಣದ ವಂಶವಿದು. ಬಿಲ್ಲೆ ತಿರುಗಿಸಿ ಗಾಳಿಯ ದಿಕ್ಕು ಕೂರಿಸಿ, ಚುಕ್ಕೆಯಿಟ್ಟು, ಪಟ್ಟಿ ಜಾರಿಸಿದರೆ ಗಾಳಿ ವಿಮಾನವನ್ನು ಎತ್ತ ತಳ್ಳುತ್ತದೆ, ನೆಲದ ಮೇಲಿನ ವೇಗವೆಷ್ಟು ಎಂಬುದು ಕಣ್ಣಿಗೇ ಕಾಣುತ್ತದೆ. ಕ್ಯಾಲ್ಕುಲೇಟರ್ ಉತ್ತರವನ್ನಷ್ಟೇ ಕೊಡುತ್ತದೆ. ಉತ್ತರ ಯಾಕೆ ಹಾಗೆ ಬಂತು ಎಂಬುದನ್ನು ಈ ಬಿಲ್ಲೆ ತೋರಿಸುತ್ತದೆ. ಹಾರಾಟ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ.

ಎಲ್ಲ ಪೇಪರ್‌ಗಳಲ್ಲಿ ನನಗೆ ಅತ್ಯಂತ ಶ್ರೀಮಂತವಾಗಿ ಕಾಣುವುದು ಮೆಟ್. ನಾವು ಹುಟ್ಟಿದಾಗಿನಿಂದ ನೋಡಿದ ಮಳೆ, ಮಂಜು, ಗಾಳಿಗಳೇ ಇಲ್ಲಿ ಪಠ್ಯ. ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು ಸಿಡಿಲಿನೊಂದಿಗೆ ಬರುವ ಮಾವಿನ ಮಳೆಯಿಂದ ಹಿಡಿದು ಬಂಗಾಳದ ಕಾಲಬೈಸಾಖಿ, ಉತ್ತರ ಭಾರತದ ಚಳಿಗಾಲದ ಪಶ್ಚಿಮದ ಹವಾಕ್ಷೋಭೆಗಳವರೆಗೆ ಎಲ್ಲವೂ ಬರುತ್ತವೆ. ಮಳೆಗಾಲದಲ್ಲಿ ಆಗುಂಬೆ ತೊಯ್ದು ತೊಪ್ಪೆಯಾಗುವಾಗ ಘಟ್ಟದ ಪೂರ್ವಕ್ಕೆ ಚಿತ್ರದುರ್ಗ ಯಾಕೆ ಒಣಗಿರುತ್ತದೆ ಎಂಬುದಕ್ಕೆ ಇಲ್ಲಿ ಕಾರಣ ಸಿಗುತ್ತದೆ. ಅದೇ ಮಳೆಗಾಲದಲ್ಲಿ, ನೆಲದ ಹತ್ತಿರ ಗಾಳಿ ಪಶ್ಚಿಮದಿಂದ ಬೀಸುತ್ತಿದ್ದರೂ, ದಕ್ಷಿಣ ಭಾರತದ ಮೇಲೆ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಜೆಟ್ ಗಾಳಿ ರಭಸದಿಂದ ಹರಿಯುತ್ತಿರುತ್ತದೆ.

ಹವಾಮಾನ ವರದಿಯನ್ನು ಓದುವುದೂ ಒಂದು ವಿದ್ಯೆ. ಮೆಟಾರ್ ಎಂಬ ಈ ವರದಿ ಒಂದೇ ಸಾಲಿನ ಸಂಕೇತಗಳಲ್ಲಿ ಬರುತ್ತದೆ. ವಿಒಬಿಎಲ್ ಎಂದರೆ ದೇವನಹಳ್ಳಿಯಲ್ಲಿರುವ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ. ನಂತರ ತಾರೀಖು, ಸಮಯ 0030. ಸಮಯ ಯಾವಾಗಲೂ ಯುಟಿಸಿಯಲ್ಲಿರುವುದರಿಂದ ಐದೂವರೆ ಗಂಟೆ ಕೂಡಿಸಬೇಕು: ಬೆಳಿಗ್ಗೆ 6. ಗಾಳಿಯ ಜಾಗದಲ್ಲಿ ಬರೀ ಸೊನ್ನೆಗಳು, ಅಂದರೆ ಗಾಳಿ ಬೀಸುತ್ತಿಲ್ಲ. ಆಮೇಲೆ 0200 ಎಂದಿದ್ದರೆ 200 ಮೀಟರ್ ಆಚೆಗೆ ಏನೂ ಕಾಣುತ್ತಿಲ್ಲ ಎಂದರ್ಥ. ಮುಂದೆ ಉಷ್ಣಾಂಶ ಮತ್ತು ಇಬ್ಬನಿಬಿಂದು ಎರಡೂ 15, ಅಂದರೆ ಗಾಳಿ ತೇವದಿಂದ ತುಂಬಿಹೋಗಿದೆ. ಡಿಸೆಂಬರ್‌ನ ದೇವನಹಳ್ಳಿಯ ಬೆಳಗು ಪೂರ್ತಿ ಇಷ್ಟರಲ್ಲೇ ಇದೆ. ರಾತ್ರಿ ಆಕಾಶ ತಿಳಿಯಾಗಿತ್ತು, ನೆಲ ಶಾಖ ಬಿಟ್ಟುಕೊಟ್ಟು ತಣ್ಣಗಾಯಿತು, ಗಾಳಿ ಅಲುಗದ್ದರಿಂದ ಮಂಜು ಅಲ್ಲೇ ಕಟ್ಟಿತು. ಬಿಸಿಲೇರಿದ ಮೇಲೆ ಕರಗುತ್ತದೆ ಎಂಬುದನ್ನೂ ಓದಿದವರು ಊಹಿಸಬಲ್ಲರು.

ರೆಗ್ಸ್ ಪೇಪರ್ ಹೆಚ್ಚಾಗಿ ನೆನಪಿನ ಕೆಲಸ. 1944ರ ಷಿಕಾಗೊ ಒಪ್ಪಂದ, ಅದರ ಅನುಬಂಧಗಳು, ನಮ್ಮ 1937ರ ವಿಮಾನ ನಿಯಮಗಳು, ಯಾರು ಯಾರಿಗೆ ದಾರಿ ಬಿಡಬೇಕು, ರೇಡಿಯೊ ಕೆಟ್ಟರೆ ಟವರ್‌ನಿಂದ ಬರುವ ಹಸಿರು ಕೆಂಪು ದೀಪಗಳಿಗೆ ಏನರ್ಥ, ಇವೆಲ್ಲ ಬರುತ್ತವೆ. 1934ರ ವಿಮಾನ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿರುವುದರಿಂದ ಸೀನಿಯರ್‌ಗಳಿಂದ ಪಡೆದ ಹಳೆಯ ನೋಟ್ಸ್ ನಂಬಿ ಕೂರುವಂತಿಲ್ಲ. ರೇಡಿಯೊದಲ್ಲಿ ಮಾತಾಡಲು ಬೇಕಾದ ಆರ್‌ಟಿಆರ್ ಪರೀಕ್ಷೆ ದೂರಸಂಪರ್ಕ ಇಲಾಖೆಯಿಂದ ಡಿಜಿಸಿಎ ಕೈಗೆ ಬಂದಿರುವುದೂ ಈ ಕಾಯ್ದೆಯಿಂದಲೇ.

ಟೆಕ್ನಿಕಲ್‌ನಲ್ಲಿ ಎಂಜಿನ್, ಉಪಕರಣಗಳು, ರೆಕ್ಕೆಯ ವಿಜ್ಞಾನ. ಒಂದು ಉದಾಹರಣೆ ಸಾಕು: ಹೊರಗೆ 25 ಡಿಗ್ರಿ ಸೆಕೆಯಿದ್ದರೂ, ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಸೆಸ್ನಾ 152ರ ಕಾರ್ಬುರೇಟರ್ ಒಳಗೆ ಮಂಜುಗಡ್ಡೆ ಕಟ್ಟಿ ಎಂಜಿನ್ ನಿಲ್ಲಬಹುದು. ಪೆಟ್ರೋಲ್ ಆವಿಯಾಗುವಾಗ ಒಳಗಿನ ಉಷ್ಣಾಂಶ ಅಷ್ಟು ಕುಸಿಯುತ್ತದೆ. ಕರಾವಳಿಯಂಥ ಸೆಕೆಯ ಊರಿನಲ್ಲಿ ಹಿಮದ ಯೋಚನೆ ಯಾರಿಗೂ ಬರುವುದಿಲ್ಲ. ಪೈಲಟ್‌ಗೆ ಬರಬೇಕು.

ಇಷ್ಟೆಲ್ಲ ಇರುವ ಪರೀಕ್ಷೆಯನ್ನು ಬರೀ ಕ್ವೆಶ್ಚನ್ ಬ್ಯಾಂಕ್ ಉರುಹೊಡೆದು ದಾಟುವ ಅಭ್ಯಾಸ ಬೆಳೆದಿದೆ. ದೆಹಲಿಯ ದ್ವಾರಕಾದಲ್ಲಿ ಈ ಥಿಯರಿ ಹೇಳಿಕೊಡುವ ಗ್ರೌಂಡ್ ಸ್ಕೂಲ್‌ಗಳ ಸಾಲೇ ಇದೆ. ನಮ್ಮ ಮಕ್ಕಳೂ ಅಲ್ಲಿ ರೂಮು ಮಾಡಿಕೊಂಡು ಓದುತ್ತಾರೆ. ಒಳ್ಳೆಯ ಮೇಷ್ಟ್ರುಗಳು ಅಲ್ಲಿದ್ದಾರೆ, ಹಳೆಯ ಪ್ರಶ್ನೆಗಳನ್ನು ಬಿಡಿಸುವುದೂ ಬೇಕಾದದ್ದೇ. ಆದರೆ ಮೊದಲು ಪುಸ್ತಕ, ಆಮೇಲೆ ಪ್ರಶ್ನೆ. ಈ ಕ್ರಮ ತಿರುಗುಮುರುಗಾದರೆ 70 ಅಂಕ ಬರಬಹುದು, ರಾಮನಗರದ ಮೇಲೆ ದಾರಿ ತಪ್ಪಿದಾಗ ನೆನಪಾಗುವುದು ಆಯ್ಕೆ ‘ಸಿ’ ಮಾತ್ರ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಒಂದು ಮಾತು. ಇಲ್ಲಿನ ಗಣಿತ ನಿಮಗೆ ಗೊತ್ತಿರುವುದೇ, ತೊಡಕಾಗುವುದು ಇಂಗ್ಲಿಷ್ ಪುಸ್ತಕದ ವಾಕ್ಯಗಳು. ಒಂದು ಅಧ್ಯಾಯ ಓದಿದ ಮೇಲೆ ಅದನ್ನು ಮನೆಯವರಿಗೆ ಕನ್ನಡದಲ್ಲಿ ವಿವರಿಸಿ ನೋಡಿ; ಎಲ್ಲಿ ತಡವರಿಸುತ್ತೀರೋ ಅಲ್ಲಿ ವಿಷಯ ಹತ್ತಿಲ್ಲ. ರೇಡಿಯೊ ಇಂಗ್ಲಿಷ್‌ಗೆ ಅಂತರರಾಷ್ಟ್ರೀಯ ಅಳತೆಯಲ್ಲಿ ನಾಲ್ಕನೇ ಹಂತ ಮುಟ್ಟಬೇಕಾದ್ದರಿಂದ ಅದರ ಅಭ್ಯಾಸ ಮೊದಲ ದಿನದಿಂದಲೇ ನಡೆಯಲಿ. ಮಾಧ್ಯಮ ಯಾವುದೇ ಇರಲಿ, ಫೀಸು ಕಟ್ಟುವ ಮುನ್ನ ವೈದ್ಯಕೀಯ ತಪಾಸಣೆ ಮುಗಿಸಿಕೊಳ್ಳಿ. ಬಣ್ಣಗುರುಡಿನಂಥ ತೊಂದರೆ ಗೊತ್ತಾಗುವುದು ಹಣ ಸುರಿದ ಮೇಲೆ ಆಗಬಾರದು. ಈ ಲೈಸೆನ್ಸ್‌ಗೆ ಬೇಕಾದ ಒಂದನೇ ದರ್ಜೆಯ ತಪಾಸಣೆ ನಡೆಸುವ ಕೇಂದ್ರಗಳಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೂ ಒಂದು, ಅದು ಇರುವುದು ಬೆಂಗಳೂರಿನಲ್ಲೇ.

ಪಾಸಾದ ಮೇಲೆ ಪುಸ್ತಕಗಳನ್ನು ಮಾರಿಬಿಡಬೇಡಿ. ಮುಂದೆ 1500 ಗಂಟೆ ಹಾರಾಟವಾಗಿ ಕ್ಯಾಪ್ಟನ್ ಆಗಲು ಬೇಕಾದ ಏರ್‌ಲೈನ್ ಲೈಸೆನ್ಸ್‌ಗೆ ಕೂತಾಗ ನ್ಯಾವ್ ಮತ್ತು ಮೆಟ್ ಮತ್ತೆ ಎದುರಾಗುತ್ತವೆ, ಇನ್ನೂ ಆಳವಾಗಿ.