ಪರದೇಶದ ಉದ್ಯೋಗವೂ ಅದೃಷ್ಟದ ಚೀಟಿಯೂ

ಮಾರ್ಚ್ ತಿಂಗಳು ಬಂದಿತೆಂದರೆ ನಮ್ಮಲ್ಲಿ ಅನೇಕ ಮನೆಗಳವರು ಅಮೆರಿಕೆಯ ವಾರ್ತೆಗಾಗಿ ಕಾದು ಕುಳಿತಿರುವರು. ಕುಶಲೋದ್ಯೋಗಿಗಳಿಗೆಂದು ಅಲ್ಲಿ 1990ರ ಕಾಯಿದೆಯಿಂದ ಹುಟ್ಟಿದ ಎಚ್-1ಬಿ ವೀಸಾಕ್ಕೆ ವರ್ಷಕ್ಕೆ 65,000ದ ಮಿತಿಯುಂಟು. ಆ ದೇಶದಲ್ಲಿಯೇ ಉಚ್ಚ ಪದವಿ ಪಡೆದವರಿಗೆ ಬೇರೆ 20,000. ಬೇಡುವವರು ಹೆಚ್ಚಾದಲ್ಲಿ ಚೀಟಿ ಎತ್ತುವರು. 2026ರಿಂದ ಸಂಬಳದ ಶ್ರೇಣಿ ಮೇಲಾದಷ್ಟೂ ಒಂದು ಹೆಸರಿಗೆ ಚೀಟಿಗಳು ಹೆಚ್ಚು, ನಾಲ್ಕರವರೆಗೆ. ಹೆಸರನ್ನು ಸಲ್ಲಿಸತಕ್ಕದ್ದು ಕೆಲಸ ಕೊಡುವ ಕಂಪೆನಿ. ಆದುದರಿಂದ ಹಣ ತೆತ್ತರೆ ಚೀಟಿ ಏಳುವಂತೆ ಮಾಡುವೆವೆನ್ನುವವರನ್ನು ವಾಚಕರು ನಂಬಲಾಗದು. ಚೀಟಿ ಎದ್ದರೂ ವೀಸಾ ಕೈಗೆ ಬಂದಂತಲ್ಲ. ಅರ್ಜಿ ಹಾಕಲು ಅಪ್ಪಣೆ ದೊರೆತಂತೆ ಮಾತ್ರ. ಇದನ್ನೇ ನಂಬಿ ಮದುವೆಯ ಮುಹೂರ್ತವನ್ನೂ ಮನೆಯ ಸಾಲವನ್ನೂ ನಿಶ್ಚಯಿಸುವ ಹಿರಿಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಚೀಟಿ ಏಳದ ಮಗನನ್ನಾಗಲಿ ಮಗಳನ್ನಾಗಲಿ ಹೀನವಾಗಿ ಕಾಣಬೇಡಿರಿ. ಅವರ ವಿದ್ಯೆಗೆ ಅದರಿಂದ ಕುಂದೇನೂ ಇಲ್ಲ.