ದೀಪ ಆರಿದಾಗ ಹೊಮ್ಮಿದ ನಾದ

2003ರ ಜುಲೈ ತಿಂಗಳು. ಅಮೆರಿಕದ ಫಿಲಡೆಲ್ಫಿಯಾ ನಗರದ ಮ್ಯಾನ್ ಸೆಂಟರಿನಲ್ಲಿ ಆ ನಗರದ ಸುಪ್ರಸಿದ್ಧ ವಾದ್ಯವೃಂದದ ಕಛೇರಿ. ಸಿಡಿಲಿನ ಹೊಡೆತಕ್ಕೆ ವಿದ್ಯುತ್ ಕಡಿದುಹೋಯಿತು. ತಂತ್ರಜ್ಞರು ವೇದಿಕೆಯ ದೀಪ ಸರಿಪಡಿಸುತ್ತಿದ್ದಷ್ಟು ಹೊತ್ತು, ವೃಂದದಲ್ಲಿದ್ದ ಇಬ್ಬರು ತರುಣರು, ಪಿಟೀಲುವಾದಕ ಜ್ಯಾಕ್ ಡಿ ಪ್ಯೂ ಮತ್ತು ಡಬಲ್ ಬಾಸ್ ವಾದಕ ರನಾನ್ ಮೇಯರ್, ಯಾವ ಪೂರ್ವಸಿದ್ಧತೆಯೂ ಇಲ್ಲದೆ ಅಮೆರಿಕದ ಹಳ್ಳಿಗಾಡಿನ ಜನಪ್ರಿಯ ಮಟ್ಟುಗಳನ್ನು ನುಡಿಸಿ ಸಭೆಯನ್ನು ರಂಜಿಸಿದರು. ಇವರಿಬ್ಬರೊಡನೆ ಪಿಟೀಲುವಾದಕ ನಿಕ್ ಕೆಂಡಾಲ್ ಅವರೂ ಸೇರಿದ್ದ 'ಟೈಮ್ ಫಾರ್ ತ್ರೀ' ಎಂಬ ಗೆಳೆಯರ ಕೂಟವು ನಾಡಿನ ಗಮನ ಸೆಳೆದದ್ದು ಹೀಗೆ.

ಎರಡು ಪಿಟೀಲು, ಆಳೆತ್ತರದ ಒಂದು ಡಬಲ್ ಬಾಸ್. ಇಷ್ಟೇ ಇವರ ಬಂಡವಾಳ. ಬಾಖ್, ಬ್ರಾಹ್ಮ್ಸ್‌ರಂಥ ಹಿರಿಯರ ಕೃತಿಗಳಿಗೆ ಸಲ್ಲುವ ಗೌರವವನ್ನೇ ಇವರು ಜಾಝ್‌ಗೂ ಪಾಪ್ ಗೀತೆಗೂ ಸಲ್ಲಿಸುತ್ತಾರೆ. ಇದನ್ನು ಕೇವಲ ಚಪಲವೆಂದು ತಳ್ಳಿಹಾಕುವ ಮುನ್ನ ನಾವು ಒಂದು ಸಂಗತಿಯನ್ನು ಗಮನಿಸಬೇಕು. ಈ ಮೂವರೂ ಕಲಿತದ್ದು 1924ರಲ್ಲಿ ಸ್ಥಾಪಿತವಾದ ಕರ್ಟಿಸ್ ಸಂಗೀತ ಸಂಸ್ಥೆಯಲ್ಲಿ. ಅಲ್ಲಿ ಪ್ರವೇಶ ದೊರೆಯುವುದು ಅತಿ ಕಠಿಣ. ದೊರೆತವರಿಗೆ ಬೋಧನಾ ಶುಲ್ಕವಿಲ್ಲ. ಅಂತಹ ಶಿಸ್ತಿನ ಸಾಧನೆಯಿಲ್ಲದಿದ್ದರೆ ಈ ಸ್ವಚ್ಛಂದ ವಾದನ ಸಿದ್ಧಿಸುತ್ತಿತ್ತೆ?

ಸಂಗೀತ ರಚನೆಗಾರ್ತಿ ಜೆನ್ನಿಫರ್ ಹಿಗ್ಡನ್ ಇವರಿಗಾಗಿಯೇ ಒಂದು ಕೃತಿ ರಚಿಸಿದರು. 2008ರಲ್ಲಿ ಅದನ್ನು ಫಿಲಡೆಲ್ಫಿಯಾ ವಾದ್ಯವೃಂದದೊಡನೆ ಇವರು ಮೊದಲ ಬಾರಿಗೆ ನುಡಿಸಿದರು. ಕತ್ತಲಲ್ಲಿ ಹೊತ್ತು ಕಳೆಯಲು ನುಡಿಸಿದವರು ಅದೇ ವೃಂದದ ಮುಂದೆ ಮುಖ್ಯ ವಾದಕರಾಗಿ ನಿಂತರು. ಕೆವಿನ್ ಪುಟ್ಸ್ ಬರೆದ 'ಕಾಂಟ್ಯಾಕ್ಟ್' ಇವರಿಗಾಗಿ ಹುಟ್ಟಿದ ಮತ್ತೊಂದು ಕೃತಿ. ಕೊರೋನಾ ಪಿಡುಗಿನಿಂದ ಅದರ ಮೊದಲ ಪ್ರದರ್ಶನವೇ ಮುಂದಕ್ಕೆ ಹೋಯಿತು. ಜನ ಒಬ್ಬರನ್ನೊಬ್ಬರು ಕಾಣಲಾಗದೆ ಕಳೆದ ಆ ದಿನಗಳ ತರುವಾಯ, 'ಸಂಪರ್ಕ' ಎಂಬರ್ಥದ ಆ ಹೆಸರಿಗೆ ಹೊಸ ಭಾರ ಬಂದಿತು. 2023ರಲ್ಲಿ ಆ ಕೃತಿಗೂ, ಅದನ್ನೊಳಗೊಂಡ ಧ್ವನಿಮುದ್ರಣಕ್ಕೂ ಗ್ರ್ಯಾಮಿ ಪ್ರಶಸ್ತಿಗಳು ಸಂದವು. ಅಷ್ಟರಲ್ಲಿ ಡಿ ಪ್ಯೂ ಅವರ ಸ್ಥಾನಕ್ಕೆ ಪಿಟೀಲು ನುಡಿಸುತ್ತಲೇ ಹಾಡಬಲ್ಲ ಚಾರ್ಲ್ಸ್ ಯಾಂಗ್ ಬಂದಿದ್ದರು.

ಪ್ರಶಸ್ತಿಗಳಿಗಿಂತಲೂ ನಮ್ಮ ಮನ ತಟ್ಟುವುದು 'ಸ್ಟ್ರಾಂಗರ್' ಎಂಬ ಇವರ ಕಿರು ದೃಶ್ಯಗೀತೆ. ಶಾಲೆಯಲ್ಲಿ ಸಹಪಾಠಿಗಳ ಕಿರುಕುಳಕ್ಕೆ ಗುರಿಯಾಗುವ ಮಕ್ಕಳ ಪರವಾಗಿ ಇವರು ಅದನ್ನು ರೂಪಿಸಿದರು. ಮೂದಲಿಕೆಗೆ ಕುಗ್ಗಿದ ಮಗುವಿಗೆ ಸಂಗೀತವು ಬೆನ್ನೆಲುಬಾಗಬಲ್ಲದು ಎಂಬುದೇ ಅದರ ತಿರುಳು.

ನಮ್ಮ ಮನೆಗಳಲ್ಲಿಯೂ ಪಿಟೀಲು ಕಲಿಯುವ ಮಕ್ಕಳಿದ್ದಾರೆ. ಪಾಠ ಮುಗಿದ ಮೇಲೆ ಅವರು ತಮಗಿಷ್ಟವಾದ ಚಿತ್ರಗೀತೆಯನ್ನು ತಡವರಿಸುತ್ತಾ ನುಡಿಸಿದರೆ 'ಸಾಕು, ಪರೀಕ್ಷೆಗೆ ಓದು' ಎಂದು ಗದರುವವರು ನಾವೇ ಅಲ್ಲವೆ? ಸಾಧನೆಯನ್ನು ನಾವು ಬಿಡಿಸದಿರೋಣ, ಸಂತೋಷವನ್ನೂ ಕಸಿಯದಿರೋಣ. ಇಂದು ಸಂಜೆ ಆ ಹಾಡು ಕೇಳಿಬಂದರೆ, ಮುಗಿಯುವವರೆಗೆ ಮಗುವಿನ ಬಳಿ ಕುಳಿತು ಕೇಳೋಣ.