ಬ್ರಿಟಿಷ್ ದಾಖಲೆಗಳಲ್ಲಿ ಜಮಖಂಡಿ ಸೀಮೆ: ಎಲ್ಲಿ, ಹೇಗೆ ಹುಡುಕಬೇಕು?

ಮನೆತನದ ವ್ಯಾಪಾರದ ಇತಿಹಾಸ ಬರೆಯಲೆಂದೋ, ಹಳೆಯ ಜಾಗದ ಹಕ್ಕು ತಿಳಿಯಲೆಂದೋ ಬ್ರಿಟಿಷ್ ಕಾಲದ ಕಾಗದಪತ್ರಗಳನ್ನು ಅರಸುವ ಪ್ರಸಂಗ ವ್ಯಾಪಾರಸ್ಥ ಬಂಧುಗಳಿಗೆ ಬರುವುದುಂಟು. ಅಂಥವರು ಮೊದಲು ಗೊತ್ತುಪಡಿಸಿಕೊಳ್ಳಬೇಕಾದುದು ಒಂದೇ: ಆ ಕಾಲದಲ್ಲಿ ತಮ್ಮ ಊರು ಯಾರ ಆಡಳಿತದಲ್ಲಿತ್ತು?

ಇಂದು ಬಾಗಲಕೋಟೆ ಜಿಲ್ಲೆಯೊಂದರಲ್ಲೇ ಇರುವ ನಮ್ಮ ಊರುಗಳು ಅಂದು ಹಂಚಿಹೋಗಿದ್ದವು. ಜಮಖಂಡಿಯು ಪಟವರ್ಧನರ ಸಂಸ್ಥಾನ, ಮುಧೋಳವು ಘೋರ್ಪಡೆಯವರದು. ಇಂದು ಒಂದೇ ನಗರಸಭೆಯಡಿ ಇರುವ ರಬಕವಿ-ಬನಹಟ್ಟಿಗಳಲ್ಲಿಯೂ ರಬಕವಿ ಸಾಂಗ್ಲಿ ಸಂಸ್ಥಾನಕ್ಕೆ, ಬನಹಟ್ಟಿ ಜಮಖಂಡಿಗೆ ಸೇರಿದ್ದವು. ಬೀಳಗಿಯಾದರೋ ನೇರವಾಗಿ ಬ್ರಿಟಿಷರ ಮುಂಬಯಿ ಇಲಾಖೆಯಲ್ಲಿತ್ತು. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು.

ಆದ್ದರಿಂದ ಬೀಳಗಿಯ ಭೂಕಂದಾಯದ ವಿಷಯವನ್ನು ಮುಂಬಯಿ ಸರಕಾರದ ಕಂದಾಯ ಖಾತೆಯ ಕಡತಗಳಲ್ಲಿ ನೋಡಬೇಕು. 1880ರ ದಶಕದ ಮಧ್ಯದವರೆಗೆ ಜಿಲ್ಲೆಗೆ ಕಲಾದಗಿಯೆಂಬ ಹೆಸರಿದ್ದುದನ್ನು ಮರೆಯಬಾರದು. ಸಂಸ್ಥಾನಗಳ ವಿಷಯ ದೊರೆಯುವುದು ರಾಜಕೀಯ ಖಾತೆಯಲ್ಲಿ, 'ದಕ್ಷಿಣ ಮರಾಠಾ ಸೀಮೆ'ಯ ಪತ್ರವ್ಯವಹಾರದಲ್ಲಿ. ಒಪ್ಪಂದ, ಉತ್ತರಾಧಿಕಾರ, ಕಾಣಿಕೆ ಮುಂತಾಗಿ ಪೊಲಿಟಿಕಲ್ ಏಜೆಂಟರ ಮೇಜಿಗೆ ಬಂದ ಸಂಗತಿಗಳೇ ಅಲ್ಲಿ ಹೆಚ್ಚು. ಸಂಸ್ಥಾನದ ದೈನಂದಿನ ಲೆಕ್ಕಪತ್ರ ದರಬಾರಿನ ಸ್ವಂತ ದಫ್ತರದ್ದು. ಅದಕ್ಕೆ ಮೋಡಿ ಲಿಪಿ ಬಲ್ಲವರ ನೆರವು ಬೇಕು.

ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರ, ದೆಹಲಿಯ ರಾಷ್ಟ್ರೀಯ ಪತ್ರಾಗಾರ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳು - ಇವು ಮುಖ್ಯ ಆಕರಗಳು. ರಾಷ್ಟ್ರೀಯ ಪತ್ರಾಗಾರದ 'ಅಭಿಲೇಖ ಪಟಲ'ದಲ್ಲಿ ಅನೇಕ ಕಡತಗಳನ್ನು ಮನೆಯಲ್ಲಿಯೇ ಕುಳಿತು ಓದಬಹುದು. ಹೆಸರುಗಳ ಬರವಣಿಗೆ ಮಾತ್ರ ಬೇರೆ: ಜಮಖಂಡಿ 'ಜುಮ್‌ಖುಂಡೀ' ಆಗಿರಬಹುದು, ಮುಧೋಳ 'ಮೂಢೋಲ್' ಆಗಿರಬಹುದು.

ಸರಕಾರಿ ಕಡತ ಹೇಳುವುದೆಲ್ಲವೂ ಪೂರ್ಣ ಇತಿಹಾಸವಲ್ಲ. 1857ರಲ್ಲಿ ನಿಶ್ಶಸ್ತ್ರೀಕರಣ ಕಾಯಿದೆಯನ್ನು ಧಿಕ್ಕರಿಸಿದ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಸರಕಾರದ ದೃಷ್ಟಿಯಲ್ಲಿ ದಂಗೆಕೋರರು. 19 ಜನರನ್ನು ಗಲ್ಲಿಗೇರಿಸಲಾಯಿತು. ಊರವರ ಪಾಲಿಗೆ ಅವರು ವೀರರು. ಆ ಮಾತು ಉಳಿದುದು ಲಾವಣಿಯಲ್ಲಿ. ವಿಶೇಷವೆಂದರೆ ಅದನ್ನು ಸಂಗ್ರಹಿಸಿ 1885ರಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದವರು ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್ ಅವರೇ. ಅವರ ಸಂಗ್ರಹದಲ್ಲಿ ಆದಾಯ ತೆರಿಗೆಯ ಮೇಲಿನ ಲಾವಣಿಯೂ ಇರುವುದನ್ನು ನಮ್ಮ ಓದುಗರು ಗಮನಿಸಬೇಕು.

ಲಾವಣಿಯನ್ನು ಒಬ್ಬರು ಬರೆದಿಟ್ಟರು. ನೂಲು, ಸೀರೆ, ಬೆಲ್ಲ, ಹತ್ತಿಗಳ ವ್ಯವಹಾರ ತಿಳಿಸುವ ಕಿರ್ದಿ, ಖಾತೆವಹಿ, ಹುಂಡಿಗಳನ್ನು ಕಾಯುವವರು ಯಾರು? ಅವು ಯಾವ ಪತ್ರಾಗಾರದಲ್ಲಿಯೂ ಇಲ್ಲದೆ, ನಮ್ಮ ಅಟ್ಟಗಳ ಮೇಲೆಯೇ ಇರಬಹುದು. ದೀಪಾವಳಿಗೆ ಅಂಗಡಿ ತೊಳೆಯುವಾಗ ಅವುಗಳನ್ನು ರದ್ದಿಗೆ ಹಾಕದೆ, ಗೆದ್ದಲು-ತೇವ ತಾಗದಂತೆ ಕಾದಿರಿಸಿ, ಪುಟಗಳ ಛಾಯಾಚಿತ್ರ ತೆಗೆದಿಡುವುದು ಒಳಿತು. ಅವು ಹೋದರೆ ನಮ್ಮ ಪೇಟೆಗಳ ಕಥೆಯನ್ನು ಏಜೆಂಟರ ಪತ್ರಗಳಷ್ಟೇ ಹೇಳಬೇಕಾದೀತು.